ಲೋವೆಲ್ ಗಿರಣಿಯ ಗಾಳಿ, ಹೆಣ್ಣುಮಕ್ಕಳ ಸಂಘ

ಹತ್ತಿಯ ನೂಲು ಒಣಗಿದರೆ ಪಟಕ್ಕನೆ ಹರಿಯುತ್ತದೆ. ತೇವ ಹೀರಿಕೊಂಡರೆ ಗಟ್ಟಿಯಾಗುತ್ತದೆ. ಅದಕ್ಕೇ 1830–40ರ ದಶಕಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣದ ಗಿರಣಿಗಳಲ್ಲಿ ನೇಯ್ಗೆ ಕೋಣೆಗಳ ಕಿಟಕಿ ತೆರೆಯಲು ಬಿಡುತ್ತಿರಲಿಲ್ಲ. ಸೆಕೆ, ತೇವ, ಹತ್ತಿಯ ಧೂಳು ಎಲ್ಲ ಒಳಗೇ ಉಳಿಯುತ್ತಿತ್ತು.

ಇವೆಲ್ಲ ಮೆರಿಮ್ಯಾಕ್ ನದಿಯ ದಂಡೆಯ ಗಿರಣಿಗಳು. ಸುಮಾರು 10 ಮೀಟರ್ ಕೆಳಗೆ ಬೀಳುವ ನೀರನ್ನು ಕಾಲುವೆಗಳಲ್ಲಿ ಹರಿಸಿ ದೊಡ್ಡ ಚಕ್ರ ತಿರುಗಿಸುತ್ತಿದ್ದರು. ಚರ್ಮದ ಪಟ್ಟಿಗಳು ಆ ಶಕ್ತಿಯನ್ನು ಮಗ್ಗಗಳಿಗೆ ತಲುಪಿಸುತ್ತಿದ್ದವು. ಮಗ್ಗ ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಹಳ್ಳಿಗಳ ರೈತರ ಹೆಣ್ಣುಮಕ್ಕಳು. ಅವರನ್ನು ಕಂಪನಿಯೇ ತನ್ನ ವಸತಿಗೃಹಗಳಲ್ಲಿ ಇರಿಸಿಕೊಂಡು, ರಾತ್ರಿ ಎಷ್ಟು ಹೊತ್ತಿಗೆ ಒಳಗಿರಬೇಕು ಅನ್ನುವುದನ್ನೂ ತಾನೇ ಹೇಳುತ್ತಿತ್ತು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ವಸತಿಗೃಹಗಳೇ. ಶಿಸ್ತಿಗೆಂದು ಕಟ್ಟಿದ ಮನೆಗಳಲ್ಲಿ ಹೆಣ್ಣುಮಕ್ಕಳು ಒಟ್ಟಿಗೆ ಉಂಡರು, ಒಂದೇ ಕೋಣೆಯಲ್ಲಿ ಮಲಗಿದರು. ಯಾರ ಕೂಲಿ ಎಷ್ಟು, ಯಾರಿಗೆ ಕೆಮ್ಮು ಜಾಸ್ತಿಯಾಗಿದೆ ಅನ್ನುವುದು ಎಲ್ಲರಿಗೂ ಗೊತ್ತಾಗದೆ ಇರುತ್ತದೆಯೇ? 1834ರಲ್ಲಿ ಕೂಲಿ ಕಡಿತದ ಸುದ್ದಿ ಬಂದಾಗ ಸುಮಾರು 800 ಮಂದಿ ಮಗ್ಗ ಬಿಟ್ಟು ಹೊರನಡೆದರು. ಆ ಮುಷ್ಕರ ಬೇಗ ಸೋತಿತು. 1836ರಲ್ಲಿ ಊಟ, ವಸತಿಯ ದರ ಏರಿಸಿದಾಗ ಇನ್ನೂ ಹೆಚ್ಚು ಜನ ಹೊರಬಂದರು.

ಮುಂದಿನ ದಶಕದಲ್ಲಿ ಬೇಡಿಕೆ ಬದಲಾಯಿತು: ದಿನಕ್ಕೆ 10 ಗಂಟೆ ಮಾತ್ರ ಕೆಲಸ. ಗಿರಣಿ ಕಾರ್ಮಿಕೆ ಸಾರಾ ಬ್ಯಾಗ್ಲಿ ಮತ್ತು ಗೆಳತಿಯರು ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಕಟ್ಟಿದರು. ಊರೂರು ಸುತ್ತಿ ಅರ್ಜಿಗಳಿಗೆ ಸಹಿ ಸಂಗ್ರಹಿಸಿದರು. ಹೆಣ್ಣುಮಕ್ಕಳಿಗೆ ಮತದಾನದ ಹಕ್ಕೇ ಇಲ್ಲದ ಕಾಲ ಅದು.

1845ರಲ್ಲಿ ರಾಜ್ಯದ ಶಾಸನಸಭೆಯ ಸಮಿತಿ ಅವರ ಮಾತು ಕೇಳಿತು. ಬೇಸಿಗೆಯಲ್ಲಿ ಬೆಳಗ್ಗೆ 5ರಿಂದ ಸಂಜೆ 7ರವರೆಗೆ ದುಡಿಮೆ, ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ ಎಂದು ನೇಯ್ಗೆ ಕೆಲಸದ ಎಲಿಜಾ ಹೆಮಿಂಗ್‌ವೇ ಎಂಬ ಮಹಿಳೆ ವಿವರಿಸಿದರು. ಸಂಜೆ ಕೆಲಸವಿದ್ದಾಗ ಅವರ ಕೋಣೆಯಲ್ಲಿ 293 ಸಣ್ಣ ದೀಪ, 61 ದೊಡ್ಡ ದೀಪ ಉರಿಯುತ್ತಿದ್ದವಂತೆ. ಅದೇ ಕೋಣೆಯಲ್ಲಿ ನೂರೈವತ್ತರಷ್ಟು ಜನ. ಉರಿಯುವ ಪ್ರತಿ ದೀಪವೂ ಆಮ್ಲಜನಕ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಹೊಗೆಯನ್ನೂ. ಕಾಯಿಲೆ ಬಿದ್ದು ಮನೆಯಲ್ಲೇ ಉಳಿಯುವವರು ಯಾವ ದಿನವೂ 6ಕ್ಕಿಂತ ಕಡಿಮೆ ಇರುತ್ತಿರಲಿಲ್ಲ ಎಂದೂ ಅವರು ಹೇಳಿದರು.

ಸಮಿತಿ ಕೇಳಿತು, ಆದರೆ ಕಾನೂನು ಬೇಡ ಎಂದಿತು. ಸಮಿತಿಯ ಅಧ್ಯಕ್ಷ ವಿಲಿಯಂ ಶೌಲರ್ ವಿರುದ್ಧ ಸಂಘ ಪ್ರಚಾರ ನಡೆಸಿತು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. 1847ರಲ್ಲಿ ನೆರೆಯ ನ್ಯೂ ಹ್ಯಾಂಪ್‌ಶೈರ್ 10 ಗಂಟೆಯ ಕಾನೂನು ತಂದಿತು. ಆದರೆ 'ವಿಶೇಷ ಒಪ್ಪಂದ'ಕ್ಕೆ ಸಹಿ ಹಾಕಿದವರಿಂದ ಹೆಚ್ಚು ದುಡಿಸಿಕೊಳ್ಳಲು ಅದರಲ್ಲೇ ದಾರಿಯಿತ್ತು, ಮಾಲೀಕರು ಸುಮ್ನೆ ಬಿಡುತ್ತಾರೆಯೇ? ಮ್ಯಾಸಚೂಸೆಟ್ಸ್‌ನಲ್ಲಿ ಮಹಿಳೆಯರಿಗೆ, ಮಕ್ಕಳಿಗೆ 10 ಗಂಟೆಯ ಮಿತಿ ಬಂದಿದ್ದು 1874ರಲ್ಲಿ. ಆ ಹೊತ್ತಿಗೆ, ಅರ್ಜಿಗೆ ಸಹಿ ಹಾಕಿದ್ದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಗಿರಣಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.