ಪದ ಪರಿಚಯ: ಟೋ ಗೇಜ್

ವಾಹನದ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ, ಇಲ್ಲವಾದರೆ ಎಷ್ಟು ಓರೆಯಾಗಿವೆ ಎಂಬುದನ್ನು ಅಳೆಯುವ ಕೈ ಉಪಕರಣಕ್ಕೆ ಟೋ ಗೇಜ್ ಎನ್ನುತ್ತಾರೆ. ಇದಕ್ಕೆ ವಿದ್ಯುತ್ತೂ ಬೇಡ, ಕಂಪ್ಯೂಟರ್ ಪರದೆಯೂ ಬೇಡ. ಎರಡು ಚಕ್ರಗಳ ನಡುವಿನ ಅಂತರಕ್ಕಿಂತ ತುಸು ಉದ್ದವಾದ ಕಬ್ಬಿಣದ ಚೌಕ ಪೈಪು, ಅದರ ಎರಡು ತುದಿಗಳಲ್ಲಿ ನೆಟ್ಟಗೆ ಮೇಲೆದ್ದ ಎರಡು ತೋಳುಗಳು, ತೋಳುಗಳ ತಲೆಯಲ್ಲಿ ಒಂದೊಂದು ಮೊನೆ, ಇಷ್ಟರಲ್ಲೇ ಉಪಕರಣ ಮುಗಿಯುತ್ತದೆ. ಒಂದು ತೋಳು ಬೆಸುಗೆಯಿಂದ ಭದ್ರವಾಗಿರುತ್ತದೆ. ಇನ್ನೊಂದು ಪೈಪಿನ ಮೇಲೆ ಜಾರಿ, ಬೇಕಾದಲ್ಲಿ ಬೋಲ್ಟಿನಿಂದ ಬಿಗಿಯಾಗುತ್ತದೆ. ಟ್ರಾಮೆಲ್ ಬಾರ್ ಎಂಬುದು ಇದೇ ಉಪಕರಣದ ಇನ್ನೊಂದು ಹೆಸರು.

ಟೋ ಎಂದರೆ ಕಾಲಿನ ಬೆರಳು. ನೇರವಾಗಿ ನಿಂತ ಮನುಷ್ಯನ ಎರಡೂ ಪಾದಗಳನ್ನು ಮೇಲಿನಿಂದ ನೋಡಿದರೆ ಕೆಲವರ ಹೆಬ್ಬೆರಳುಗಳು ಒಂದರ ಕಡೆಗೊಂದು ಬಾಗಿರುತ್ತವೆ, ಕೆಲವರವು ಹೊರಕ್ಕೆ ತಿರುಗಿರುತ್ತವೆ. ಚಕ್ರಗಳಿಗೂ ಇದೇ ಮಾತು ಬಂದಿದೆ. ಮುಂದಿನ ಚಕ್ರಗಳ ಮುಂಭಾಗಗಳು ಹತ್ತಿರವಾಗಿ ಹಿಂಭಾಗಗಳು ದೂರವಿದ್ದರೆ ಟೋ ಇನ್, ಅದಕ್ಕೆ ವಿರುದ್ಧವಾಗಿದ್ದರೆ ಟೋ ಔಟ್. ಒಳಮುಖ, ಹೊರಮುಖ ಎಂದು ಕನ್ನಡದಲ್ಲಿ ಹೇಳಿದರೆ ಅರ್ಥ ಸ್ಪಷ್ಟವಾಗಿಯೇ ಆಗುತ್ತದೆ. ಆದರೂ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಕೇಳಿಬರುವುದು ಟೋ ಇನ್, ಟೋ ಔಟ್ ಎಂಬ ಪದಗಳೇ. ಟ್ರಾಮೆಲ್ ಎಂಬ ಪದದ ಹಾದಿ ಇನ್ನೂ ಉದ್ದವಾದದ್ದು. ಅದು ಮೊದಲು ಮೂರು ಪದರಗಳ ಬಲೆಯ ಹೆಸರಾಗಿತ್ತು, ಮುಂದೆ ಕುದುರೆಯ ಕಾಲಿಗೆ ಹಾಕುವ ಕಟ್ಟಿಗೂ ಅದೇ ಹೆಸರು ಬಂತು, ಕೊನೆಗೆ ಬಡಗಿಗಳು ದೊಡ್ಡ ವೃತ್ತಗಳನ್ನು ಗೀರಲು ಬಳಸುವ, ಎರಡು ಮೊನೆಗಳುಳ್ಳ ಉದ್ದನೆಯ ಕೋಲಿಗೂ ಅದು ಅಂಟಿಕೊಂಡಿತು. ವಾಹನದ ಗೇಜು ಈ ಬಡಗಿಯ ಕೋಲಿನ ನೇರ ಸಂಬಂಧಿ.

ಈ ಉಪಕರಣದ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ಅದು ದೂರವನ್ನು ಅಳೆಯುವುದಿಲ್ಲ, ವ್ಯತ್ಯಾಸವನ್ನು ಅಳೆಯುತ್ತದೆ. ಚಕ್ರಗಳ ನಡುವೆ 1,300 ಮಿ.ಮೀ. ಇದೆಯೋ 1,450 ಮಿ.ಮೀ. ಇದೆಯೋ ಎಂಬುದು ಅದಕ್ಕೆ ಬೇಕಿಲ್ಲ. ಮುಂದೆ ಇದ್ದಷ್ಟೇ ಅಂತರ ಹಿಂದೆಯೂ ಇದೆಯೇ ಎಂಬುದೊಂದೇ ಅದರ ಪ್ರಶ್ನೆ. ಆದ್ದರಿಂದಲೇ ಊರಿನ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಗೇಜು ಕೂಡ, ಅದರ ಪೈಪು ಬಳುಕದಿದ್ದರೆ ಮತ್ತು ಮೊನೆಗಳು ಅಲುಗಾಡದಿದ್ದರೆ, ಒಂದು ಮಿಲಿಮೀಟರಿನಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಂಬಿಕೆಗೆ ಅರ್ಹವಾಗಿ ತೋರಿಸಬಲ್ಲದು.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಮಹತ್ವವೇಕೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಟೈರಿನ ವ್ಯಾಸ 600 ಮಿ.ಮೀ. ಎಂದಿಟ್ಟುಕೊಳ್ಳೋಣ. ಮುಂದಿನ ಮತ್ತು ಹಿಂದಿನ ಅಂತರಗಳ ನಡುವೆ 3 ಮಿ.ಮೀ. ವ್ಯತ್ಯಾಸವಿದ್ದರೆ ಪ್ರತಿ ಚಕ್ರದ ಪಾಲಿಗೆ 1.5 ಮಿ.ಮೀ. ಬರುತ್ತದೆ, ಅಂದರೆ ಚಕ್ರವು 400ಕ್ಕೆ 1ರಂತೆ ಓರೆಯಾಗಿದೆ. ಗಾಡಿ ಒಂದು ಕಿಲೋಮೀಟರ್ ನೇರವಾಗಿ ಹೋಗುವಾಗ ಆ ಚಕ್ರಕ್ಕೆ ತನ್ನ ಮುಖವಿದ್ದತ್ತ ಎರಡೂವರೆ ಮೀಟರ್ ಸರಿಯುವ ಬಯಕೆ ಇರುತ್ತದೆ; ಗಾಡಿ ಸರಿಯಲು ಬಿಡದ ಕಾರಣ ರಬ್ಬರು ಅಷ್ಟನ್ನೂ ರಸ್ತೆಯ ಮೇಲೆ ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಒಂದು ಸಲ ಹೋಗಿ ತಲುಪುವಷ್ಟರಲ್ಲಿ ಪ್ರತಿ ಮುಂದಿನ ಟೈರೂ ಒಟ್ಟು 150 ಮೀಟರ್ ಅಡ್ಡಕ್ಕೆ ಎಳೆಸಿಕೊಂಡಿರುತ್ತದೆ. ಮೂರು ಮಿಲಿಮೀಟರ್ ಎಂದರೆ ಎರಡು ನಾಣ್ಯಗಳ ದಪ್ಪಕ್ಕಿಂತ ಹೆಚ್ಚಲ್ಲ, ಅದು ಕಣ್ಣಿಗೆ ಕಾಣುವ ಓರೆಯೂ ಅಲ್ಲ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನನಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಕಡೆ ಇದನ್ನು "ಟೈರ್ ತಿನ್ನುವುದು" ಎನ್ನುತ್ತಾರೆ. "ಟೈರ್ ಒಳಗಡೆ ತಿಂತಾ ಐತ್ರಿ" ಎಂದು ಮೆಕ್ಯಾನಿಕ್ ಹೇಳಿದರೆ ಟೋ ಔಟ್ ಹೆಚ್ಚಾಗಿರುವ ಸಂಶಯ ಅವರಿಗೆ ಬಂದಿದೆ ಎಂದು ತಿಳಿಯಬಹುದು. ಹೊರಗಿನ ಅಂಚು ಸವೆಯುತ್ತಿದ್ದರೆ ಟೋ ಇನ್ ಹೆಚ್ಚಾಗಿರಬಹುದು. ಟೈರಿನ ಮೈಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡುವುದು ಇನ್ನೂ ಉತ್ತಮ ಪರೀಕ್ಷೆ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು, ಮರಳಿ ಬರುವಾಗ ಗರಗಸದ ಹಲ್ಲಿನಂತೆ ಕೈಗೆ ತಡೆದರೆ, ಅದು ಅಡ್ಡ ಉಜ್ಜುವಿಕೆಯ ಗುರುತು. ವೀಲ್ ಬ್ಯಾಲೆನ್ಸಿಂಗ್ ಇದಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಎರಡನ್ನೂ ಒಂದೇ ಸಲ ಮಾಡಿಸುವ ರೂಢಿಯಿಂದಾಗಿ ಎರಡೂ ಒಂದೇ ಎಂಬ ಭಾವನೆ ಬೇರೂರಿದೆ. ಚಕ್ರದ ತೂಕ ಸುತ್ತಲೂ ಸಮನಾಗಿ ಹಂಚಿಹೋಗುವಂತೆ ರಿಮ್ಮಿಗೆ ಸಣ್ಣ ತೂಕಗಳನ್ನು ಕೂರಿಸುವುದು ಬ್ಯಾಲೆನ್ಸಿಂಗ್. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಮೊದಲು ನೋಡಬೇಕಾದದ್ದು ಅದನ್ನು. ಟೈರು ಅಂಚಿನಲ್ಲಿ ಸವೆದರೆ ನೋಡಬೇಕಾದದ್ದು ಅಲೈನ್‌ಮೆಂಟನ್ನು, ಅಂದರೆ ಚಕ್ರಗಳು ಮುಖ ಮಾಡಿರುವ ದಿಕ್ಕು ಮತ್ತು ಓರೆಯನ್ನು.

ಗೇಜನ್ನು ಬಳಸುವ ಕ್ರಮ ಸರಳವಾದರೂ ಅದಕ್ಕೆ ತಾಳ್ಮೆ ಬೇಕು. ಮೊದಲು ಸಮತಟ್ಟಾದ ನೆಲ ಬೇಕು. ಅಂಗಳ ಮಟ್ಟವಾಗಿದೆಯೇ ಎಂದು ಗಾರೆಯವರು ಬಳಸುವ ನೀರಿನ ಪೈಪಿನಿಂದ ನೋಡಿಕೊಳ್ಳಬಹುದು. ನಾಲ್ಕೂ ಟೈರುಗಳಲ್ಲಿ ಗಾಳಿ ಹೇಳಿದಷ್ಟೇ ಇರಬೇಕು. ಆಮೇಲೆ ಮುಂದಿನ ಚಕ್ರಗಳನ್ನು ಒಂದೊಂದಾಗಿ ಜಾಕ್ ಮೇಲೆ ಎತ್ತಿ, ಟೈರಿನ ಮೈಗೆ ನಡುವಿನಲ್ಲಿ ಸೀಮೆಸುಣ್ಣ ಬಳಿದು, ಮರದ ತುಂಡಿಗೆ ಹೊಡೆದ ಮೊಳೆಯೊಂದನ್ನು ನೆಲದ ಮೇಲೆ ಅಲುಗಾಡದಂತೆ ಹಿಡಿದು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಟೈರಿನ ಮೈಮೇಲಿನ ತೋಡುಗಳಾಗಲಿ ಅಂಚುಗಳಾಗಲಿ ನಿಖರವಲ್ಲ, ಅಳತೆ ನಿಲ್ಲುವುದು ಈ ಗೆರೆಯ ಮೇಲೆ. ಜಾಕ್ ಮೇಲೆ ತೂಗುತ್ತಿರುವ ಚಕ್ರದ ಕೋನ ನೆಲದ ಮೇಲಿನ ಕೋನವಲ್ಲವಾದ್ದರಿಂದ ಗಾಡಿಯನ್ನು ಇಳಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟು, ಸ್ಟೇರಿಂಗ್ ನೇರವಾಗಿಟ್ಟುಕೊಂಡು ಕೆಲವು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಹಿಂದಕ್ಕೆ ತಳ್ಳಬಾರದು, ಹಾಗೆ ಮಾಡಿದರೆ ಜಾಯಿಂಟುಗಳ ಸಡಿಲ ಬೇರೆ ಕಡೆಗೆ ವಾಲಿ ಅಳತೆ ಬದಲಾಗುತ್ತದೆ.

ಈಗ ಗೇಜಿನ ಮೊನೆಗಳನ್ನು ಚಕ್ರದ ನಡುಮಧ್ಯದ ಎತ್ತರಕ್ಕೆ, ಅಂದರೆ ಹಬ್ಬಿನ ಎತ್ತರಕ್ಕೆ ಹೊಂದಿಸಬೇಕು. ಮೊದಲು ಹಿಂಭಾಗದಲ್ಲಿ ಅಳೆಯುವುದು ವಾಡಿಕೆ. ಪೈಪು ಎಂಜಿನ್ನಿನ ಆಯಿಲ್ ಚೇಂಬರಿನ ಕೆಳಗೆ ಹಾದುಹೋಗಬೇಕಾದ್ದರಿಂದಲೇ ತೋಳುಗಳು ನೆಲದ ಹತ್ತಿರದಿಂದ ಮೇಲಕ್ಕೆ ಎದ್ದಿರುತ್ತವೆ. ಎರಡೂ ಗೆರೆಗಳಿಗೆ ಮೊನೆಗಳು ತಾಗಿದಾಗ ಜಾರುವ ತೋಳನ್ನು ಬಿಗಿದು, ಗೇಜನ್ನು ಹಾಗೆಯೇ ಹೊರಗೆಳೆದು ಮುಂಭಾಗಕ್ಕೆ ಒಯ್ಯಬೇಕು. ಅಲ್ಲಿ ಒಂದು ಮೊನೆಯನ್ನು ಗೆರೆಯ ಮೇಲಿಟ್ಟರೆ ಇನ್ನೊಂದು ಮೊನೆ ತನ್ನ ಗೆರೆಯಿಂದ ಎಷ್ಟು ದೂರ ಬಿದ್ದಿತೋ ಅಷ್ಟೇ ಒಟ್ಟು ಟೋ.

ಗೆರೆ ಗೀರುವ ಅನುಕೂಲ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ, ಅದು ನನಗೆ ಬಹಳ ಮೆಚ್ಚಿನದು. ಎರಡೂ ಟೈರುಗಳ ಮುಂಭಾಗದಲ್ಲಿ, ಹಬ್ಬಿನ ಎತ್ತರದಲ್ಲಿ ಒಂದೊಂದು ಚುಕ್ಕೆ ಇಟ್ಟು, ಅವುಗಳ ನಡುವಿನ ಅಂತರಕ್ಕೆ ಗೇಜನ್ನು ಹೊಂದಿಸಿ, ಗಾಡಿಯನ್ನು ಸರಿಯಾಗಿ ಅರ್ಧ ಸುತ್ತು ಮುಂದಕ್ಕೆ ತಳ್ಳಬೇಕು, 600 ಮಿ.ಮೀ. ವ್ಯಾಸದ ಟೈರಿಗೆ ಇದು ಸುಮಾರು 94 ಸೆಂ.ಮೀ. ಆಗುತ್ತದೆ. ಅದೇ ಚುಕ್ಕೆಗಳು ಈಗ ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಿರುತ್ತವೆ. ಅಲ್ಲಿ ಮತ್ತೆ ಗೇಜು ಹಿಡಿದರೆ ಸಾಕು. ಎರಡು ಸಲವೂ ಅಳೆದದ್ದು ಟೈರಿನ ಅದೇ ಜಾಗವನ್ನೇ ಆದ್ದರಿಂದ ರಿಮ್ಮಿನಲ್ಲಿ ಬಾಗು ಇದ್ದರೂ, ಟೈರು ಉಬ್ಬಿದ್ದರೂ ಅದು ಅಳತೆಯನ್ನು ಕೆಡಿಸುವುದಿಲ್ಲ.

ಸರಿಯಾದ ಟೋ ಎಷ್ಟು ಎಂಬುದನ್ನು ವಾಹನದ ಸರ್ವಿಸ್ ಕೈಪಿಡಿಯೇ ಹೇಳಬೇಕು. ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳಲ್ಲಿ ಮುಂದಿನ ಚಕ್ರಗಳು ಬರೀ ಉರುಳುತ್ತವೆ. ರಸ್ತೆಯ ತಡೆ ಅವುಗಳನ್ನು ಹೊರಕ್ಕೆ ತೆರೆಯುವುದರಿಂದ ನಿಂತಾಗ ಸ್ವಲ್ಪ ಟೋ ಇನ್ ಕೊಟ್ಟಿರುತ್ತಾರೆ, ಓಡುವಾಗ ಅದು ನೇರಕ್ಕೆ ಬರುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನ ಅಂಕಿ ಇರುತ್ತದೆ. ಕೈಪಿಡಿ ಒಟ್ಟು ಟೋವನ್ನು ಡಿಗ್ರಿಯಲ್ಲಿ ಕೊಟ್ಟಿದ್ದರೆ ಅದನ್ನು ಟೈರಿನ ವ್ಯಾಸದಿಂದ ಗುಣಿಸಿ 57.3ರಿಂದ ಭಾಗಿಸಬೇಕು, 600 ಮಿ.ಮೀ. ಟೈರಿಗೆ 0.2 ಡಿಗ್ರಿ ಎಂದರೆ ಸುಮಾರು 2.1 ಮಿ.ಮೀ.

ನಾನು ಗೇಜು ಮಾಡಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಒಂದೆಡೆ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಎಲ್ಲ ಅಂಕಿಗಳೂ ಸರಿಯಿದ್ದ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಜಗಳೂರಿಗೆ ವಾರಕ್ಕೆರಡು ಸಲ ಹೋಗಿಬರುವ ಕೆಲಸವಿತ್ತು. ಕೆಲವೇ ತಿಂಗಳಲ್ಲಿ ಟೈರಿನ ಒಳ ಅಂಚು ತಂತಿ ಕಾಣುವಷ್ಟು ಸವೆಯಿತು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ತಮ್ಮ ಹಳೆಯ ಗೇಜು ಹಿಡಿದು ನೋಡಿದಾಗ ಮುಂದಿನ ಅಂತರ ಹಿಂದಿನದಕ್ಕಿಂತ 4 ಮಿ.ಮೀ. ಹೆಚ್ಚಾಗಿತ್ತು. ಯಂತ್ರದ ಅಳತೆ ತಪ್ಪಾಗಿರಲಿಲ್ಲ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಾದ ಟೈ ರಾಡಿನ ಲಾಕ್ ನಟ್ಟನ್ನು ಬಿಗಿಯದೆ ಬಿಟ್ಟಿದ್ದರು, ಅದು ದಾರಿಯಲ್ಲಿ ತಾನಾಗಿ ತಿರುಗಿತ್ತು. ಅಲೈನ್‌ಮೆಂಟ್ ಯಂತ್ರ ಹೇಳುವುದು ಆ ದಿನದ ಸ್ಥಿತಿಯನ್ನು. ಎರಡು ತಿಂಗಳ ನಂತರ, ಚಕ್ರ ಒಂದು ಗುಂಡಿಗೆ ಬಿದ್ದ ಮೇಲೆ, ಏನಾಗಿದೆ ಎಂದು ನೋಡಲು ಮನೆಯಲ್ಲಿ ಒಂದು ಅಳತೆ ಬೇಕು.

ಗೇಜಿಗೆ ಮಿತಿಯೂ ಇದೆ. ಅದು ಎರಡು ಚಕ್ರಗಳ ಒಟ್ಟು ಓರೆಯನ್ನು ಹೇಳುತ್ತದೆಯೇ ಹೊರತು ಯಾವ ಚಕ್ರದ ಪಾಲು ಎಷ್ಟು ಎಂಬುದನ್ನು ಹೇಳುವುದಿಲ್ಲ. ಒಂದೇ ಕಡೆಯ ಟೈ ರಾಡನ್ನು ತಿರುಗಿಸಿ ಒಟ್ಟು ಲೆಕ್ಕವನ್ನು ಸರಿಮಾಡಿದರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಆದ್ದರಿಂದ ಎರಡೂ ಕಡೆ ಸಮನಾಗಿ ತಿರುಗಿಸಬೇಕು. ಹಿಂದಿನ ಚಕ್ರಗಳ ದಿಕ್ಕಿಗೆ ಮುಂದಿನವು ಹೊಂದಿವೆಯೇ ಎಂದು ತಿಳಿಯಲು ಗಾಡಿಯ ಎರಡೂ ಪಕ್ಕಗಳಲ್ಲಿ ಗಾರೆಯವರಂತೆ ದಾರ ಕಟ್ಟಿ, ದಾರದಿಂದ ಪ್ರತಿ ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿಗೆ ಅಳೆಯುವ ಬೇರೆ ವಿಧಾನವಿದೆ. ಚಕ್ರ ಮೇಲ್ಭಾಗದಲ್ಲಿ ಒಳಕ್ಕೋ ಹೊರಕ್ಕೋ ವಾಲಿರುವುದನ್ನು ಕ್ಯಾಂಬರ್ ಎನ್ನುತ್ತಾರೆ. ಅದನ್ನು ರಸಮಟ್ಟದಿಂದ ಅಂದಾಜು ಮಾಡಬಹುದು, ಆದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಅದನ್ನು ತಿದ್ದುವ ಏರ್ಪಾಡೇ ಇರುವುದಿಲ್ಲ. ಚಕ್ರ ಎಡಬಲಕ್ಕೆ ಹೊರಳುವ ಅಕ್ಷ ಪಕ್ಕದಿಂದ ನೋಡಿದಾಗ ಎಷ್ಟು ವಾಲಿದೆ ಎಂದು ಹೇಳುವ, ಕ್ಯಾಸ್ಟರ್ ಎಂಬ ಮೂರನೆಯ ಕೋನವನ್ನು ವರ್ಕ್‌ಶಾಪಿಗೆ ಬಿಡುವುದೇ ಸರಿ.

ಟೈ ರಾಡ್ ತಿದ್ದುವಾಗ ದಿಕ್ಕಿನ ಅರಿವು ಬೇಕು. ರಾಡು ಚಕ್ರದ ಅಚ್ಚಿನ ಹಿಂದೆ ಇದ್ದರೆ ಅದನ್ನು ಉದ್ದ ಮಾಡಿದಾಗ ಚಕ್ರದ ಹಿಂಭಾಗ ಹೊರಕ್ಕೆ ಹೋಗಿ ಟೋ ಇನ್ ಹೆಚ್ಚುತ್ತದೆ. ಅಚ್ಚಿನ ಮುಂದೆ ಇದ್ದರೆ ಪರಿಣಾಮ ತಿರುಗುಮುರುಗು. ಕಾಲು ಸುತ್ತು ತಿರುಗಿಸಿದರೂ ಟೈರಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಬದಲಾಗುವುದರಿಂದ ಪಾನಾವನ್ನು ಅವಸರದಲ್ಲಿ ಆಡಿಸಬಾರದು. ಪ್ರತಿ ತಿದ್ದುಪಡಿಯ ನಂತರ ಗಾಡಿಯನ್ನು ಮತ್ತೆ ಮುಂದಕ್ಕೆ ಉರುಳಿಸಿ ಅಳೆಯಬೇಕು. ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಸಡಿಲವಾಗಿದ್ದರೆ ಮೊದಲು ಅದನ್ನು ಬದಲಿಸಬೇಕು, ಅಲ್ಲಿಯವರೆಗೆ ಯಾವ ಅಳತೆಗೂ ಅರ್ಥವಿಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬಾರದು. ಕ್ಯಾಮೆರಾ, ಸೆನ್ಸರ್‌ಗಳ ನೆರವಿನಿಂದ ತಾನೇ ಲೇನ್ ಹಿಡಿಯುವ ಹೊಸ ಕಾರುಗಳಲ್ಲಿ ಸ್ಟೇರಿಂಗಿನ ಕೋನವನ್ನು ಮತ್ತೆ ಹೊಂದಿಸಬೇಕಾಗಬಹುದಾದ್ದರಿಂದ, ಅಂಥವನ್ನು ಮನೆಯಲ್ಲಿ ಅಳೆದು ನೋಡಬಹುದೇ ಹೊರತು ತಿದ್ದಬಾರದು.

ಈ ಉಪಕರಣ ಹೆಚ್ಚು ಒಪ್ಪುವುದು ಒಂದೇ ಉದ್ದನೆಯ ಮುಂದಿನ ಅಚ್ಚಿರುವ ಗಾಡಿಗಳಿಗೆ. ಚಿತ್ರದುರ್ಗದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಕೂಡುವುದರಿಂದ ಅಲ್ಲಿ ಲಾರಿಗಳಿಗೆ ಕೊರತೆಯಿಲ್ಲ. ಇಂಥ ಲಾರಿಗಳಲ್ಲಿ ಎರಡು ಚಕ್ರಗಳನ್ನು ಕೂಡಿಸುವ ಉದ್ದನೆಯ ಟೈ ರಾಡಿನ ಒಂದು ತುದಿಗೆ ಬಲ ಸುತ್ತಿನ ಮರೆ (ಥ್ರೆಡ್), ಇನ್ನೊಂದಕ್ಕೆ ಎಡ ಸುತ್ತಿನ ಮರೆ ಇರುತ್ತದೆ. ಎರಡೂ ಕ್ಲ್ಯಾಂಪ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಅದು ಉದ್ದವೋ ಗಿಡ್ಡವೋ ಆಗುತ್ತದೆ. ಟ್ರ್ಯಾಕ್ಟರಿಗೂ ಗೇಜು ಅಷ್ಟೇ ಉಪಯುಕ್ತ. ಮೆಕ್ಕೆಜೋಳದ ಸಾಲಿನ ಅಗಲಕ್ಕೆ ತಕ್ಕಂತೆ ಮುಂದಿನ ಅಚ್ಚನ್ನು ಹಿಗ್ಗಿಸಿದಾಗ ಅಥವಾ ಕುಗ್ಗಿಸಿದಾಗ ಟೈ ರಾಡಿನ ಉದ್ದವನ್ನೂ ಅದಕ್ಕೆ ಹೊಂದಿಸಬೇಕಾಗುತ್ತದೆ, ಅದನ್ನು ಮರೆತರೆ ಟೋ ಕೆಡುತ್ತದೆ. ಹೊಲದ ಬದಿಯಲ್ಲಿ ನಿಂತ ಟ್ರ್ಯಾಕ್ಟರನ್ನು ಕಂಪ್ಯೂಟರ್ ಇರುವ ಅಂಗಡಿಗೆ ಒಯ್ಯುವವರು ಕಡಿಮೆ. ಅಲ್ಲಿ ಆರು ಅಡಿಯ ಪೈಪಿನ ಗೇಜು, ಒಂದು ತುಂಡು ಸೀಮೆಸುಣ್ಣ ಮತ್ತು ಮಟ್ಟವಾದ ಕಣವೊಂದಿದ್ದರೆ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ.