ಮೊದಲು ನೀರಿನ ದಾರಿ ನೋಡಿ, ಆಮೇಲೆ ಟ್ರ್ಯಾಕ್ಟರ್ ಇಳಿಸಿ

ಮಳೆ ಹಿಂದೆ ಸರಿದು ತೋಟದೊಳಗೆ ಬಿಸಿಲು ಬೀಳೋಕೆ ಶುರುವಾದರೆ ನನಗೆ ಫೋನ್ ಬರುತ್ತವೆ. ‘ಮೇಲಿನ ಕಾಡಲ್ಲಿ ಒಂದು ಕಾಲುದಾರಿ ಮಾಡಿಕೊಡಿ. ಮಿನಿ ಟ್ರ್ಯಾಕ್ಟರ್ ಇದೆಯಲ್ಲ, ಎರಡು ದಿನದ ಕೆಲಸ ಅಲ್ವಾ?’ ಕೇಳುವವರು ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ಕಾಫಿ ಬೆಳೆಗಾರರು. ಕೆಲವರಿಗೆ ಹೋಮ್‌ಸ್ಟೇ ಅತಿಥಿಗಳಿಗಾಗಿ ಬೇಕು. ಕೆಲವರಿಗೆ ವಯಸ್ಸಾದ ಅಪ್ಪ ಅಮ್ಮ ಬೆಳಿಗ್ಗೆ ಓಡಾಡಲು ಬೇಕು. ಟ್ರ್ಯಾಕ್ಟರ್ ಕೆಲಸ ಎರಡು ದಿನದ್ದೇ, ನಿಜ. ಅದಕ್ಕೆ ಮುಂಚೆ ನಾಲ್ಕೈದು ದಿನ ಬರಿಗೈಯಲ್ಲಿ ಗುಡ್ಡ ಸುತ್ತಬೇಕು. ಅದನ್ನು ಒಪ್ಪಿಕೊಂಡವರ ಕೆಲಸ ಮಾತ್ರ ನಾನು ಹಿಡಿಯುತ್ತೇನೆ.

ಇದು ನನಗೆ ತಪ್ಪು ಮಾಡಿ ಬಂದ ಬುದ್ಧಿ. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಬ್ಬರ ತೋಟದಲ್ಲಿ ಗುಡ್ಡದ ನೆತ್ತಿಗೆ ನೆಟ್ಟಗೆ ದಾರಿ ಎಳೆದೆ. ಫೆಬ್ರವರಿಯಲ್ಲಿ ನೋಡಲು ಚೆಂದವಾಗಿತ್ತು. ಜೂನ್ ಕೊನೆಯಲ್ಲಿ ಹೋಗಿ ನೋಡಿದರೆ ದಾರಿಯೇ ಹಳ್ಳ. ಟ್ರ್ಯಾಕ್ಟರ್ ಚಕ್ರದ ಎರಡು ಗೆರೆಯಲ್ಲೂ ಕೆಂಪು ನೀರು ನುಗ್ಗುತ್ತಿತ್ತು. ಕೆಲವು ಕಡೆ ಮೊಣಕಾಲುದ್ದ ಕೊರೆದಿತ್ತು. ಒಂದು ನಂದಿ ಮರದ ಬೇರು ಒಂದು ಪಕ್ಕ ಪೂರ್ತಿ ಬಯಲಾಗಿತ್ತು. ಕೆಳಗಿನ ಕಾಫಿ ಗಿಡಗಳ ಬುಡಕ್ಕೆ ಮಣ್ಣು ಬಂದು ಕೂತಿತ್ತು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಆ ಬೇರಿನ ಮುಂದೆ ಇಬ್ಬರೂ ಕೊಡೆ ಹಿಡಿದು ನಿಂತಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ.

ನಮ್ಮ ಮಲೆನಾಡಿನ ಬಹಳಷ್ಟು ಕಡೆ ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಷ್ಟು ನೀರು ಹಾದಿಯನ್ನು ಅಡ್ಡ ದಾಟಿ ಹೋಗಬೇಕು. ಹಾದಿ ಹಿಡಿದು ನಡೆಯಬಾರದು. ನಾನು ಮಾಡುವುದೆಲ್ಲ ಇದಕ್ಕಾಗಿಯೇ.

ಲೆಕ್ಕ ಸುಲಭ. ಗುಡ್ಡ ಎಷ್ಟು ಏರಿದೆಯೋ ಅದರ ಅರ್ಧಕ್ಕಿಂತ ಜಾಸ್ತಿ ಹಾದಿ ಏರಬಾರದು. ಗುಡ್ಡದ ಮೈ 100 ಅಡಿಗೆ 20 ಅಡಿ ಏರುತ್ತಿದ್ದರೆ, ಹಾದಿ 100 ಅಡಿಗೆ 10 ಅಡಿ ಒಳಗೇ ಇರಬೇಕು. ಅರ್ಧ ದಾಟಿದರೆ ನೀರಿಗೆ ಗುಡ್ಡಕ್ಕಿಂತ ಹಾದಿಯೇ ಸಲೀಸು. ಗುಡ್ಡ ಇನ್ನೂ ಕಡಿದಾಗಿದ್ದರೂ ಒಟ್ಟು ಸರಾಸರಿಯನ್ನು ನಾನು 100ಕ್ಕೆ 10 ದಾಟಿಸುವುದಿಲ್ಲ. ವಯಸ್ಸಾದವರು ನಡೆಯುವ ಹಾದಿ ಆದರೆ 100ಕ್ಕೆ 5 ಸಾಕು.

ಗುರುತು ಹಾಕಲು ದೊಡ್ಡ ಉಪಕರಣ ಬೇಡ. ಹಳೇ ಎಸ್ಟೇಟುಗಳಲ್ಲಿ ಇಳಿಜಾರು ಅಳೆಯುವ ರೋಡ್ ಟ್ರೇಸರ್ ಇರುತ್ತದೆ, ಸಿಕ್ಕರೆ ಬಳಸಿ. ಇಲ್ಲದಿದ್ದರೆ ಎರಡು ಬಿದಿರು ಕೋಲನ್ನು ಮೇಲೆ ಸೇರಿಸಿ ಕಟ್ಟಿ. ಕಾಲುಗಳ ನಡುವೆ ಸರಿಯಾಗಿ ಎರಡು ಮೀಟರ್ ಇರಲಿ. ಮಧ್ಯೆ ಒಂದು ಅಡ್ಡಪಟ್ಟಿ ಕಟ್ಟಿ, ನೆತ್ತಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ಒಂದು ಕಡೆ ನಿಲ್ಲಿಸಿ ದಾರ ಪಟ್ಟಿಗೆ ತಾಗುವಲ್ಲಿ ಗೆರೆ ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿ ಇಟ್ಟು ಇನ್ನೊಂದು ಗೆರೆ ಹಾಕಿ. ಎರಡರ ನಡುವಿನ ಬಿಂದುವೇ ಮಟ್ಟ. ಈಗ ಇಳಿಜಾರಿನ ಕಡೆಯ ಕಾಲಿನ ಕೆಳಗೆ 10 ಸೆಂ.ಮೀ. ದಪ್ಪದ ಮರದ ತುಂಡು ಇಡಿ. ದಾರ ಮಟ್ಟದ ಗೆರೆಗೆ ಬಂದರೆ ಹಾದಿ ಅಲ್ಲಿ 20 ಅಡಿಗೆ ಒಂದು ಅಡಿ ಇಳಿಯುತ್ತಿದೆ ಎಂದರ್ಥ. ಹೀಗೇ ಹೆಜ್ಜೆ ಹೆಜ್ಜೆಗೆ ಗೂಟ ಹೊಡೆಯುತ್ತ ಹೋಗಿ. ತೋಟದಲ್ಲಿ ತೊಟ್ಟಿಲು ಗುಂಡಿ (ಮಳೆ ನೀರು ಇಂಗಿಸುವ ಉದ್ದನೆ ಗುಂಡಿ) ತೆಗೆದು ರೂಢಿ ಇರುವ ಹಿರಿಯರು ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಯಾವ ಜಾಗದಲ್ಲಿ ಶ್ರಾವಣದಲ್ಲಿ ಒರತೆ ಏಳುತ್ತದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ನೋಡಿದರೆ ನಮಗೆ ಅದು ಕಾಣುವುದಿಲ್ಲ.

ಮಿನಿ ಟ್ರ್ಯಾಕ್ಟರ್ ಯಾಕೆ ಅಂತ ಕೇಳುತ್ತಾರೆ. ಜೆಸಿಬಿ ಏಳು ಟನ್ ದಾಟುತ್ತದೆ, ಅಗಲವೂ ಜಾಸ್ತಿ. ಅದು ಮಾಡುವುದು ರಸ್ತೆ. 18ರಿಂದ 25 ಎಚ್‌ಪಿಯ ಪುಟ್ಟ ಟ್ರ್ಯಾಕ್ಟರ್ ಹೆಚ್ಚುಕಡಿಮೆ ಒಂದು ಮೀಟರ್ ಅಗಲಕ್ಕೆ ಸಿಗುತ್ತದೆ. ಮರದಿಂದ ಮರಕ್ಕೆ ತಿರುಗಿಸಿಕೊಂಡು ಹೋಗಬಹುದು. ನಾಲ್ಕೂ ಚಕ್ರಕ್ಕೆ ಎಳೆತ ಇರುವುದನ್ನೇ ತೆಗೆದುಕೊಳ್ಳಿ. ನಡೆಯುವವರಿಗೆ ಎರಡೂವರೆ ಮೂರು ಅಡಿ ಸಾಕು. ಟ್ರ್ಯಾಕ್ಟರ್‌ಗೆ ನಾಲ್ಕೂವರೆ ಅಡಿ ಬೇಕು. ಆ ಹೆಚ್ಚುವರಿ ಅಗಲಕ್ಕೆ ಕಡಿದಾದ ಕಡೆ ಧರೆ, ಅಂದರೆ ಗುಡ್ಡದ ಮಗ್ಗುಲು, ಕಡಿಯಬೇಕಾಗುತ್ತದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಸುತ್ತ ಗುಡ್ಡ ಜರಿದದ್ದು ನೋಡಿದ ಮೇಲೆ ನನಗೆ ಧರೆ ಕಡಿಯಲು ಮನಸ್ಸೇ ಬರುವುದಿಲ್ಲ. ಗುಡ್ಡದ ಅಡ್ಡ ಇಳಿಜಾರು 100ಕ್ಕೆ 20 ದಾಟಿದ ಕಡೆ ನಾನು ಯಂತ್ರ ನಿಲ್ಲಿಸುತ್ತೇನೆ. ಅಲ್ಲಿಂದ ಮುಂದೆ ಗುದ್ದಲಿ, ಪಿಕಾಸಿ. ನಿಧಾನ ಆಗುತ್ತದೆ, ಆಗಲಿ.

ಮಣ್ಣಿನ ಹದ ನೋಡಿ. ನಾನು ಕಾಯುವುದು ಅಕ್ಟೋಬರ್ ಕೊನೆಯ ವಾರಕ್ಕೆ. ಅರೇಬಿಕಾ ಕಾಫಿ ಕೊಯ್ಲಿಗೆ ಆಳುಗಳೆಲ್ಲ ಹೋಗುವ ಮುಂಚೆ ಒಂದೆರಡು ವಾರ ಸಿಗುತ್ತದೆ. ಒಂದು ಹಿಡಿ ಮಣ್ಣು ತೆಗೆದು ಅದುಮಿ. ಉಂಡೆ ಕಟ್ಟಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಬೆರಳಿಗೆ ಅಂಟಿದರೆ ಇನ್ನೂ ನಾಲ್ಕು ದಿನ ಬಿಡಿ. ಒದ್ದೆ ಮಣ್ಣಿನ ಮೇಲೆ ಚಕ್ರ ಓಡಿದರೆ ಮರದ ಬೇರಿಗೆ ಗಾಳಿಯೇ ಆಡದ ಹಾಗೆ ಮಣ್ಣು ಗಟ್ಟಿಯಾಗುತ್ತದೆ. ಆ ಪೆಟ್ಟು ಮರದ ಮೇಲೆ ಕಾಣುವ ಹೊತ್ತಿಗೆ ಕೆಲವು ವರ್ಷ ಆಗಿರುತ್ತದೆ.

ಮೊದಲು ಟ್ರ್ಯಾಕ್ಟರ್‌ಗೆ ಪೊದೆ ಕತ್ತರಿಸುವ ಸ್ಲ್ಯಾಷರ್ ಕಟ್ಟಿ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಹೊಡೆಯಿರಿ. ಆಮೇಲೆ ಹಿಂದಿನ ಬ್ಲೇಡನ್ನು ಓರೆ ಮಾಡಿ ದರಗು (ಉದುರಿದ ಒಣ ಎಲೆ) ಮತ್ತು ಮೇಲಿನ ಕಪ್ಪು ಮಣ್ಣು ಸರಿಸಿ. ಆ ಕಪ್ಪು ಮಣ್ಣು ನೀರು ಹಿಡಿದು ಕೆಸರಾಗುತ್ತದೆ, ಹಾದಿಗೆ ಆಗದು. ಅದನ್ನು ಹೊತ್ತು ಕಾಫಿ ಬುಡಕ್ಕೆ ಹಾಕಿ, ಬಂಗಾರದಂಥ ಮಣ್ಣು. ಕೆಳಗಿನ ಗಟ್ಟಿ ಕೆಂಪು ಮಣ್ಣೇ ಹಾದಿ. ಇಳಿಜಾರಿನ ಕಡೆಯ ಹೊರ ಅಂಚು ಒಳ ಅಂಚಿಗಿಂತ ಮೀಟರಿಗೆ 5 ಸೆಂ.ಮೀ. ತಗ್ಗಿರಲಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬ್ಲೇಡ್ ಎಳೆದಾಗ ಹೊರ ಅಂಚಿನಲ್ಲಿ ಮಣ್ಣು ಸಣ್ಣ ಬದುವಿನ ಹಾಗೆ ಉಳಿಯುತ್ತದೆ. ನಾಲ್ಕು ಬೆರಳು ಎತ್ತರ ಇದ್ದರೂ ಸಾಕು, ನೀರು ಹೊರಗೆ ಹೋಗದೆ ಹಾದಿಯಲ್ಲೇ ಓಡುತ್ತದೆ. ಟ್ರ್ಯಾಕ್ಟರ್ ಮನೆಗೆ ಹೋದ ಮೇಲೆ ಇಬ್ಬರು ಆಳು ಗುದ್ದಲಿ ಹಿಡಿದು ಆ ಬದು ಪೂರ್ತಿ ಕೆರೆಯಬೇಕು. ಚಕ್ರದ ಗೆರೆಯನ್ನೂ ಮುಚ್ಚಬೇಕು. ಮತ್ತೆ ಪ್ರತಿ 15–20 ಮೀಟರಿಗೆ ಹಾದಿಯನ್ನು ಸ್ವಲ್ಪ ತಗ್ಗಿಸಿ ಮತ್ತೆ ಏರಿಸಿ. ಮೂರು ನಾಲ್ಕು ಮೀಟರ್ ಉದ್ದದ ಮೆಲು ತಗ್ಗು. ನಡೆಯುವವರಿಗೆ ಗೊತ್ತೇ ಆಗುವುದಿಲ್ಲ. ನೀರು ಅಲ್ಲಿ ಹೊರಗೆ ಬಿದ್ದುಹೋಗುತ್ತದೆ.

ಬೇರು ಅಡ್ಡ ಬಂದರೆ ಹಾದಿಯನ್ನೇ ಬಗ್ಗಿಸಿ. ಬ್ಲೇಡಿನಿಂದ ಬೇರು ಕಿತ್ತರೆ ಸೀಳಿ ಕೊಳೆಯುತ್ತದೆ. ಸಣ್ಣ ಬೇರಾದರೆ ಗರಗಸದಲ್ಲಿ ನೀಟಾಗಿ ಕುಯ್ಯಿರಿ. ಮರ ಕಡಿಯುವ ಮಾತಿಗೆ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ ಅಂತ ಬೀಟೆ, ಹೊನ್ನೆ, ಮತ್ತಿಗೆ ಕೈ ಹಾಕಬೇಡಿ. ನಿಮ್ಮ ಹಿಡುವಳಿಯ ಗಡಿಕಲ್ಲು ನೋಡಿಕೊಳ್ಳಿ. ಗಡಿಯಾಚೆಯ ಸರ್ಕಾರಿ ಅರಣ್ಯದೊಳಗೆ ಒಂದು ಬ್ಲೇಡ್ ಮಣ್ಣೂ ಸರಿಸುವಂತಿಲ್ಲ.

ಬಿದ್ದ ದಿಮ್ಮಿ ಎಳೆಯುವಾಗ ದಯವಿಟ್ಟು ಗಮನ ಕೊಡಿ. ಸರಪಳಿಯನ್ನು ಟ್ರ್ಯಾಕ್ಟರ್ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ ಕಟ್ಟಿ. ಮೇಲಿನ ಟಾಪ್ ಲಿಂಕಿಗೆ ಕಟ್ಟಿ ಎಳೆದರೆ, ದಿಮ್ಮಿ ಯಾವುದಾದರೂ ಮರದ ಬುಡಕ್ಕೆ ಸಿಕ್ಕಿಕೊಂಡಾಗ ಮೂತಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಒಂದೂವರೆ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ, ಕ್ಲಚ್ ಒತ್ತುವ ಹೊತ್ತೂ ಇರುವುದಿಲ್ಲ. ಕಾಫಿ ರೆಂಬೆ ತಾಗುತ್ತದೆ ಅಂತ ಹಿಂದಿನ ರೋಲ್ ಬಾರ್ (ಮಗುಚಿದರೆ ಡ್ರೈವರನ್ನು ಕಾಯುವ ಕಬ್ಬಿಣದ ಕಮಾನು) ಮಡಚಿಡಬೇಡಿ. ಅದನ್ನು ನಿಲ್ಲಿಸಿ, ಬೆಲ್ಟ್ ಹಾಕಿ. ಹೊರಗಿನ ಚಕ್ರ ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಬರದ ಹಾಗೆ ನೋಡಿಕೊಳ್ಳಿ. ನನ್ನ ಡ್ರೈವರ್‌ಗೆ ಇದನ್ನು ಪ್ರತಿ ಬೆಳಿಗ್ಗೆ ಹೇಳುತ್ತೇನೆ. ಅವನಿಗೆ ಬೇಜಾರಾದರೂ ಹೇಳುತ್ತೇನೆ.

ಎಂಜಿನ್ ಹಚ್ಚುವ ಮುಂಚೆ ಒಬ್ಬರು ಮುಂದೆ ನಡೆದು ಕಣಜದ ಗೂಡು, ಹೆಜ್ಜೇನು ನೋಡಿ ಬರಬೇಕು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ದರಗಿನ ರಾಶಿ ಕಂಡರೆ ಬ್ಲೇಡ್ ಹಾಕಬೇಡಿ. ಕಾಳಿಂಗ ಸರ್ಪ ದರಗು ಕೂಡಿಸಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ತಾಯಿ ಅಲ್ಲೇ ಕಾವಲಿರುತ್ತದೆ.

ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಿಲ್ಲ. ಆದರೂ ಹಾದಿ ಗುರುತು ಮಾಡುವಾಗ ಮರೆತುಹೋಗುತ್ತದೆ. ಮೆಲು ಏರಿನ ಹಾದಿ ನಮಗೆ ಇಷ್ಟವಾದರೆ ಆನೆಗೂ ಇಷ್ಟ. ಹಾಗಾಗಿ ಹಲಸಿನ ಮರ, ಬೈನೆ ಮರ, ಕೆರೆ ಇವುಗಳ ಪಕ್ಕ ಹಾದಿ ತರಬೇಡಿ. ತಿರುವಿನ ಒಳಪಕ್ಕ ಪೊದೆ ಸವರಿ, ಮುಂದೇನಿದೆ ಅಂತ ದೂರದಿಂದಲೇ ಕಾಣಲಿ. ಒಂದು ತೋಟದಲ್ಲಿ ಯಜಮಾನರು ಹಲಸಿನ ಸಾಲಿನ ಕೆಳಗೇ ನೆರಳು ಚೆನ್ನಾಗಿದೆ ಎಂದು ಹಟ ಹಿಡಿದರು. ಅಲ್ಲೇ ಹಳೇ ಲದ್ದಿ ಬಿದ್ದಿತ್ತು. ಕರೆದುಕೊಂಡು ಹೋಗಿ ತೋರಿಸಿದೆ. ಗೂಟಗಳನ್ನು ಅವರೇ ಕಿತ್ತರು.

ಮುಗಿದ ಮೇಲೆ ನಾನು ಒಂದು ಕೆಲಸ ಬಾಕಿ ಇಟ್ಟುಕೊಳ್ಳುತ್ತೇನೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹಿಡಿದ ದಿನ, ಮಳೆ ಬೀಳುತ್ತಿರುವಾಗಲೇ, ಕಂಬಳಿಕೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದು ಹಾದಿ ಪೂರ್ತಿ ನಡೆಯುತ್ತೇನೆ. ಉಂಬಳ (ಜಿಗಣೆ) ಹತ್ತುತ್ತವೆ, ಸುಣ್ಣ ತಂಬಾಕು ಸವರಿಕೊಂಡು ಹೋಗಿ. ನೀರು ಎಲ್ಲಿ ನಿಂತಿದೆ, ಎಲ್ಲಿ ಹಾದಿ ಹಿಡಿದು ಓಡುತ್ತಿದೆ ಎಂದು ಅವತ್ತು ಕಣ್ಣಿಗೆ ಕಾಣುತ್ತದೆ. ಅಂಚಿನಲ್ಲಿ ಎರಡು ಗುದ್ದಲಿ ಏಟು ಹಾಕಿ ಬಾಯಿ ಬಿಡಿಸಿದರೆ ಸಾಕು, ನೀರು ತಿರುಗಿಕೊಂಡು ಕಾಡಿಗೆ ಇಳಿಯುತ್ತದೆ.