ಓಡುವವರು ಸಹಾಯಾರ್ಥ ಸೈಕಲ್ ಯಾತ್ರೆಗೆ ಹೆಸರು ಕೊಡಬಹುದಾ?

ಫಿಸಿಯೋಥೆರಪಿಗೆ ಬರುವ ಓಟಗಾರರು ಆಗಾಗ ಕೇಳುವ ಪ್ರಶ್ನೆ ಇದು. ಹಾಫ್ ಮ್ಯಾರಥಾನ್ ಓಡುತ್ತಾರೆ, ಗೆಳೆಯರು ಸಹಾಯಾರ್ಥ ಸೈಕಲ್ ಯಾತ್ರೆಗೆ, ಅಂದರೆ ಒಳ್ಳೆಯ ಕೆಲಸಕ್ಕೆ ಜನರಿಂದ ದೇಣಿಗೆ ಕೂಡಿಸಿ ತುಳಿಯುವ ಯಾತ್ರೆಗೆ ಕರೆದಿರುತ್ತಾರೆ. ಅವರ ಚಿಂತೆಯೆಲ್ಲ ದಮ್ಮಿನದ್ದು. ಅದನ್ನು ಬಿಡಿ ಅನ್ನುತ್ತೇನೆ. ವರ್ಷಗಟ್ಟಲೆ ಓಡಿ ಪಳಗಿದ ಹೃದಯ ಸೈಕಲ್ ಮೇಲೂ ಕೈಕೊಡುವುದಿಲ್ಲ. ತಕರಾರು ತೆಗೆಯುವುದು ಕೂರುವ ಭಾಗ, ಅಂಗೈ, ಕತ್ತು ಮತ್ತು ಸೊಂಟ.

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ, ಮರುಕ್ಷಣ ಬಿಡುತ್ತದೆ. ಸೈಕಲ್ಲಿನಲ್ಲಿ ಆ ಹೊಡೆತವಿಲ್ಲ. ಆದರೆ ಐದಾರು ಗಂಟೆ ಒಂದೇ ಭಂಗಿ. ಹ್ಯಾಂಡಲ್ ಮೇಲೆ ಭಾರ ಹಾಕಿ ಹಾಕಿ ಅಂಗೈಯ ನರ ಒತ್ತಿಹೋಗಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ದಮ್ಮು ಗಟ್ಟಿ ಇರುವವರಿಗೆ ಇಲ್ಲೇ ಅಪಾಯ ಜಾಸ್ತಿ. ಸುಸ್ತೇ ಆಗದ ಕಾರಣ ಮೊದಲ ವಾರದಲ್ಲೇ ದೂರ ಹೋಗಿಬಿಡುತ್ತಾರೆ. ಚರ್ಮ, ನರ, ಸ್ನಾಯುರಜ್ಜು ಅಷ್ಟು ಬೇಗ ಒಗ್ಗುವುದಿಲ್ಲ.

ಮಂಡಿನೋವು ಅಂತ ಬಂದವರ ಸೀಟಿನ ಎತ್ತರವನ್ನೇ ನಾನು ಮೊದಲು ನೋಡುವುದು. ಸೀಟು ತಗ್ಗಾಗಿದ್ದರೆ ಸಾಮಾನ್ಯವಾಗಿ ಮಂಡಿಯ ಮುಂದೆ ನೋವು, ಎತ್ತರವಾದರೆ ಹಿಂದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರಬೇಕು. ಸ್ನೇಹಿತರ ಸೈಕಲ್ ಕಡ ತಂದಿದ್ದರೆ ಅದು ಅವರ ಕಾಲಿನ ಅಳತೆಗೆ ಇರುತ್ತದೆ, ಅಲ್ವಾ? ಇನ್ನು ಗೇರ್. ಓಟಗಾರರಿಗೆ ಭಾರದ ಗೇರಿನಲ್ಲಿ ಒದ್ದಾಡುವುದೇ ಶೌರ್ಯ ಅನ್ನಿಸುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 80–90 ಸುತ್ತು ತುಳಿದರೆ ಮಂಡಿ ಉಳಿಯುತ್ತದೆ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಇದನ್ನು ಕೇಳಲು ಎಲ್ಲರಿಗೂ ಸಂಕೋಚ, ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ಹಾಗಾದರೆ ನಿರ್ಧಾರ ಹೇಗೆ? ಒಂದು ದಿನದ ಸವಾರಿಯಿಂದ ಏನೂ ತಿಳಿಯುವುದಿಲ್ಲ. 2025ರಲ್ಲಿ ಕೊನೆಯ ಬಾರಿ ನಡೆದ, ಏಡ್ಸ್ ಸೇವೆಗಳಿಗೆ ಹಣ ಕೂಡಿಸುವ ಅಮೆರಿಕದ ಏಡ್ಸ್/ಲೈಫ್‌ಸೈಕಲ್ ಯಾತ್ರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ 7 ದಿನ, ಸುಮಾರು 880 ಕಿ.ಮೀ. ಅಂಥದ್ದರಲ್ಲಿ ನಿನ್ನೆ ನೊಂದ ಜಾಗದ ಮೇಲೇ ಇವತ್ತೂ ಕೂರಬೇಕು. ಕೆಲವು ವಾರ ಅಭ್ಯಾಸ ಮಾಡಿದ ಮೇಲೆ ಯಾತ್ರೆಯ ಒಂದು ದಿನದ ದೂರದಲ್ಲಿ ಮುಕ್ಕಾಲು ಪಾಲು ತುಳಿಯಿರಿ. ಮರುದಿನವೇ ಅದರ ಅರ್ಧ. ಎರಡನೇ ಬೆಳಗ್ಗೆ ಅರ್ಧ ಗಂಟೆಯಲ್ಲಿ ದೇಹ ಸಡಿಲವಾದರೆ ಹೆಸರು ಕೊಡಿ. ಜೋಮು ಹಾಗೇ ಉಳಿದಿದ್ದರೆ ಸೈಕಲ್ ಅಳತೆ ಸರಿಮಾಡಿಸಿ, ಮತ್ತೆ ನೋಡಿ. ಈ ಸವಾರಿಗಳಲ್ಲೇ ತಿನ್ನುವುದನ್ನೂ ರೂಢಿ ಮಾಡಿಕೊಳ್ಳಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಹಸಿವಾಗುವ ಮೊದಲೇ.

ಹಳೇ ನೋವು ಇದ್ದವರ ಲೆಕ್ಕ ಬೇರೆ. ಶಿನ್ ಸ್ಪ್ಲಿಂಟ್ (ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆಯುದ್ದಕ್ಕೂ ನೋವು) ಇದ್ದವರಿಗೆ ಸಾಮಾನ್ಯವಾಗಿ ಸೈಕಲ್ ಸುಖ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಬುಡದಲ್ಲಿ, ಅಂದರೆ ಕೂರುವ ಮೂಳೆಯ ಹತ್ತಿರ ನೋವಿದ್ದವರಿಗೆ ಈ ವರ್ಷ ಬೇಡ ಅನ್ನುತ್ತೇನೆ. ಸೀಟು ಒತ್ತುವುದು ಸರಿಯಾಗಿ ಅಲ್ಲೇ.

ಗುಂಪಿನಲ್ಲಿ ಸವಾರಿ ಮಾಡಿ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಕಲಿಯಿರಿ. ಓಡುವಾಗ ಗಕ್ಕನೆ ನಿಲ್ಲಬಹುದು, ಇಲ್ಲಿ ಹಾಗೆ ಮಾಡಿದರೆ ಹಿಂದಿನವರೂ ಬೀಳುತ್ತಾರೆ.

ದೇಣಿಗೆಯ ನಿಯಮವನ್ನು ಸಹಿ ಹಾಕುವ ಮುಂಚೆ ಓದಿ. ಕನಿಷ್ಠ ಮೊತ್ತ ಕೂಡದಿದ್ದರೆ ಕೈಯಿಂದ ತುಂಬಬೇಕಾ? ದಾರಿಯಲ್ಲಿ ಹತ್ತಿಸಿಕೊಳ್ಳಲು ಬೆಂಬಲ ವಾಹನ ಇದೆಯಾ? ಇದ್ದರೆ ನೋವಾದಾಗ ಸುಮ್ನೆ ಹತ್ತಿ. ಜನ ದುಡ್ಡು ಕೊಟ್ಟಿರುವುದು ಆ ಕೆಲಸಕ್ಕೆ, ನಿಮ್ಮ ಮಂಡಿಗಲ್ಲ.

ಇಷ್ಟರ ನಡುವೆ ಓಟ ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಎರಡು ಸಣ್ಣ ಓಟ ಇರಲಿ. ತುಳಿತದಿಂದ ಮೂಳೆಗೆ ಹೊಡೆತದ ಅಭ್ಯಾಸ ಸಿಗುವುದಿಲ್ಲ. ಯಾತ್ರೆ ಮುಗಿದ ಕೂಡಲೇ ಹಳೇ ವೇಗಕ್ಕೆ ಇಳಿದವರು ಮೀನಖಂಡ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ.